ಹಾಲ್ ಹೊಸದು ಮಾಡಿಸೋಕೆ ಹೊರಟರೆ ಎಲ್ಲೆಲ್ಲಿ ಕೈಕೊಡುತ್ತೆ? ಗೋಡೆ, ಪ್ಲೈ, ಸೋಫಾ, ಪರದೆ

ಹದಿನಾರಡಿ_ಹಾಲ್

ಬೆಂಗಳೂರು, 12 ವರ್ಷ ಹಳೇ ಅಪಾರ್ಟ್‌ಮೆಂಟ್, 3ನೇ ಮಹಡಿ. ಹಾಲ್ 16 × 11 ಅಡಿ, ಎತ್ತರ 9½ ಅಡಿ. ಉದ್ದದ ಒಂದು ಗೋಡೆಗೆ ಟಿವಿ, ಎದುರು ಗೋಡೆಗೆ ಸೋಫಾ. 11 ಅಡಿ ಕಡೆ 6 ಅಡಿ ಅಗಲದ ಸ್ಲೈಡಿಂಗ್ ಬಾಗಿಲು, ಆಚೆ ಬಾಲ್ಕನಿ. ಆ ಬಾಗಿಲ ಪಕ್ಕದ ಗೋಡೆ ನೆಲದಿಂದ 2 ಅಡಿವರೆಗೆ ಉಬ್ಬಿ ಹಿಟ್ಟಿನ ಹಾಗೆ ಉದುರುತ್ತಿದೆ.

ಆಗಬೇಕಾದ್ದು: ಬಣ್ಣ, ಫಾಲ್ಸ್ ಸೀಲಿಂಗ್, 6 ಅಡಿ ಟಿವಿ ಯೂನಿಟ್, ಎಲ್ ಆಕಾರದ ಸೋಫಾ, ಪರದೆ. ಪೇಂಟರ್ "ಕೆರೆದು ಪುಟ್ಟಿ ಎಳೆದ್ರೆ ಮುಗೀತು, ದೀಪಾವಳಿಗೆ ರೆಡಿ" ಅಂತಾರೆ. ಕಾರ್ಪೆಂಟರ್ ತಾನು ಮೊದಲು ಬರಬೇಕು ಅಂತಾರೆ, ಸೀಲಿಂಗ್‌ನವರು ಇಬ್ಬರನ್ನೂ ಆಮೇಲೆ ಕರೀರಿ ಅಂತಾರೆ. ಯಾರ ಮಾತು ಕೇಳೋದು?

ಕರಣೆ_ಕೈ

ಮೂವರನ್ನೂ ನಿಲ್ಲಿಸಿ. ಮೊದಲ ಕೆಲಸ ಆ ಎರಡಡಿ ಗೋಡೆಯದು. ಅದು ಒಣಗದೆ ಏನೇ ಮಾಡಿಸಿದರೂ ದುಡ್ಡು ಉದುರಿ ನೆಲಕ್ಕೆ ಬೀಳುತ್ತೆ.

ತೇವ ಒಳಗಿಂದ ಬರ್ತಿದೆಯೋ, ಕೋಣೆಯ ಗಾಳಿಯಿಂದ ಕೂರ್ತಿದೆಯೋ ನೋಡೋದು ಸುಲಭ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತಗೊಂಡು, ಉದುರದ ಜಾಗದಲ್ಲಿ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. 24 ಗಂಟೆ ಬಿಡಿ. ಗೋಡೆ ಕಡೆಯ ಮೈಯಲ್ಲಿ ಹನಿ ಇದ್ದರೆ ನೀರು ಗೋಡೆಯೊಳಗಿದೆ. ಕೋಣೆ ಕಡೆಯ ಮೈಯಲ್ಲಿ ಹನಿ ಇದ್ದರೆ ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಸಾಕು.

3ನೇ ಮಹಡಿಗೆ ಭೂಮಿಯಿಂದ ನೀರು ಹತ್ತೋದಿಲ್ಲ. ಹಾಗಾಗಿ ಅನುಮಾನ ಬಾಲ್ಕನಿ ಮೇಲೆ. ಮೂರು ಜಾಗ ನೋಡಿ. ಒಂದು, ಟೈಲ್ಸ್ ಇಳಿಜಾರು: ಅಡಿಗೆ ಎಂಟನೇ ಒಂದಿಂಚಾದರೂ ಮೋರಿ ಕಡೆಗೆ ಇಳಿದಿರಬೇಕು. ಹಾಲ್ ಕಡೆಗೆ ಇಳಿದಿದ್ದರೆ ಗೋಲಿ ಬಿಟ್ಟರೆ ಅದೇ ಹೇಳುತ್ತೆ. ಎರಡು, ಬಾಲ್ಕನಿ ಟೈಲ್ಸ್ ಮತ್ತು ಗೋಡೆಯ ಸ್ಕರ್ಟಿಂಗ್ (ಗೋಡೆ ಬುಡದ ಪಟ್ಟಿ) ಸೇರೋ ಸಂದಿ. ಮೂರನೇದನ್ನು ಯಾರೂ ನೋಡೋದಿಲ್ಲ: ಸ್ಲೈಡಿಂಗ್ ಬಾಗಿಲ ಕೆಳಗಿನ ಅಲ್ಯೂಮಿನಿಯಂ ಟ್ರ್ಯಾಕ್‌ನಲ್ಲಿ ಹೊರಗಡೆಗೆ ಸಣ್ಣ ಸೀಳು ತೂತುಗಳಿರುತ್ತವೆ, ಮಳೆನೀರು ಆಚೆ ಹೋಗೋಕೆ. ಧೂಳು, ಕೂದಲು, ಸತ್ತ ಇರುವೆ ಸೇರಿ ಅದು ಮುಚ್ಚಿಹೋಗಿರುತ್ತೆ. ಆಗ ನೀರು ಟ್ರ್ಯಾಕ್‌ನಲ್ಲೇ ತುಂಬಿ, ಫ್ರೇಮಿನ ಮೂಲೆಯ ಸಂದಿಯಿಂದ ಪಕ್ಕದ ಗೋಡೆಗೆ ಇಳಿಯುತ್ತೆ. ನೀವು ಹೇಳಿದ ಜಾಗ ಸರಿಯಾಗಿ ಅದೇ. ಒಂದು ಸೈಕಲ್ ಕಡ್ಡಿಯಲ್ಲಿ ಚುಚ್ಚಿ, ಒಂದು ಚೊಂಬು ನೀರು ಹಾಕಿ ಆಚೆ ಬರುತ್ತಾ ನೋಡಿ.

ಹೊರಗಿನ ದಾರಿ ಮುಚ್ಚಿದ ಮೇಲೆ ಒಳಗಿನದು. ಕಲೆ ಕಾಣೋ ಎತ್ತರಕ್ಕಿಂತ 1 ಅಡಿ ಮೇಲಿನವರೆಗೆ, ಅಂದರೆ 3 ಅಡಿ, ಪ್ಲಾಸ್ಟರ್ ಕಿತ್ತು ಒಳಗಿನ ಬ್ಲಾಕ್ ಕಲ್ಲು ಕಾಣಿಸಬೇಕು. ಬಿಳಿ ಉಪ್ಪು ಕೂತಿದ್ದರೆ ಒಣ ಬ್ರಷ್‌ನಲ್ಲೇ ಉಜ್ಜಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಕ್ಕೆ ಹೋಗುತ್ತೆ. ಎರಡು ವಾರ ಬರೀ ಮೈ ಒಣಗಲಿ. ಆಮೇಲೆ 1:4 ಸಿಮೆಂಟ್ ಗಾರೆಗೆ (ಸಿಮೆಂಟ್ 1 ಪಾಲು, ಮರಳು 4) ವಾಟರ್‌ಪ್ರೂಫಿಂಗ್ ದ್ರಾವಣ ಸೇರಿಸಿ ಪ್ಲಾಸ್ಟರ್, 7 ದಿನ ಕ್ಯೂರಿಂಗ್ (ನೀರು ಹಾಕ್ತಾ ಒದ್ದೆಯಾಗಿಡೋದು), ಬಣ್ಣಕ್ಕೆ ಮುಂಚೆ 28 ದಿನ. ಒಟ್ಟು ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 7 ವಾರ. ಪೇಂಟರ್ ದೀಪಾವಳಿ ಲೆಕ್ಕದಲ್ಲಿ ಇದು ಯಾವುದೂ ಇಲ್ಲ.

ಬಣ್ಣದ_ಡಬ್ಬ

ಕರಣೆಯವರು ಹೇಳಿದ್ದು ಸರಿ. ಆದರೆ ಹಬ್ಬಕ್ಕೆ ಮನೆ ಬೋಳಾಗಿರಬೇಕು ಅಂತೇನಿಲ್ಲ. ಆ 3 ಅಡಿ ಪಟ್ಟಿಯನ್ನು ಪ್ಲಾಸ್ಟರ್ ಮಟ್ಟದಲ್ಲೇ ಬಿಟ್ಟು ಉಳಿದ ಗೋಡೆ ಮುಗಿಸಬಹುದು. ಒಂದೇ ಷರತ್ತು: ಆ ಗೋಡೆ ಪೂರ್ತಿ, ಮೂಲೆಯಿಂದ ಮೂಲೆಗೆ, ಕೊನೆ ಕೋಟ್ ಬಾಕಿ ಇಡಿ. ನಡುವೆ ತೇಪೆ ಹಚ್ಚಿದರೆ ಎಷ್ಟೇ ಒಳ್ಳೇ ಬಣ್ಣ ಆದರೂ ಓರೆ ಬೆಳಕಲ್ಲಿ ಗಡಿ ಕಾಣುತ್ತೆ.

ಪುಟ್ಟಿ ವಿಷಯಕ್ಕೆ ಬರೋಣ. ಬಿಳಿ ಸಿಮೆಂಟ್ ಪುಟ್ಟಿ ಹಿಡಿಯೋದು ಸಿಮೆಂಟ್ ಮೈಗೆ. ಹಳೇ ಎಮಲ್ಷನ್ (ಪ್ಲಾಸ್ಟಿಕ್ ಪೇಂಟ್) ಮೇಲೆ ನೇರ ಎಳೆದರೆ ಒಂದೆರಡು ವರ್ಷಕ್ಕೆ ಹಪ್ಪಳದ ಹಾಗೆ ಎದ್ದು ಬರುತ್ತೆ. ಹಳೇ ಬಣ್ಣ ಗಟ್ಟಿಯಾಗಿದ್ದರೆ 150 ನಂಬರ್ ಮರಳು ಕಾಗದದಲ್ಲಿ ಹೊಳಪು ತೆಗೆದು, ಪ್ರೈಮರ್ ಹೊಡೆದು, ಗುಂಡಿ ಬಿದ್ದ ಕಡೆ ಮಾತ್ರ ಅಕ್ರಿಲಿಕ್ ಪುಟ್ಟಿ ಹಾಕಿದರೆ ಸಾಕು. ಒದ್ದೆ ಅಂಗೈ ಗೋಡೆಗೆ ಉಜ್ಜಿ. ಬಿಳಿ ಹಿಟ್ಟು ಬಂದರೆ ಅದು ಡಿಸ್ಟೆಂಪರ್ (ಸೀಮೆಸುಣ್ಣದಂಥ ಅಗ್ಗದ ಬಣ್ಣ), ಅದನ್ನು ಪೂರ್ತಿ ಕೆರೆಯದೆ ಗತಿಯಿಲ್ಲ.

ಇನ್ನು ದಪ್ಪ. ಎರಡು ಕೋಟ್ ಸೇರಿ ಪುಟ್ಟಿ 1.5 ಮಿಮೀ ದಾಟಬಾರದು. ಗೋಡೆ ಸೊಟ್ಟಗಿದ್ದರೆ ಅದನ್ನು ನೇರ ಮಾಡೋದು ಗಾರೆ ಕೆಲಸ, ಪುಟ್ಟಿ ಕೆಲಸ ಅಲ್ಲ. ನೀರಿಗೆ ಪುಡಿ ಸೇರಿಸಬೇಕೇ ಹೊರತು ಪುಡಿಗೆ ನೀರು ಸುರಿಯಬಾರದು, ಗಂಟು ಕಟ್ಟುತ್ತೆ. ಕಲಸಿದ್ದು ಎರಡು ಮೂರು ಗಂಟೆಯೊಳಗೆ ಮುಗಿಯಬೇಕು. ಬೆಳಿಗ್ಗೆ ಕಲಸಿದ್ದಕ್ಕೆ ಊಟ ಆದ ಮೇಲೆ ಮತ್ತೆ ನೀರು ಹಾಕಿ ಮೆತ್ತಗೆ ಮಾಡೋದು ಕಂಡರೆ ಅಲ್ಲೇ ನಿಲ್ಲಿಸಿ.

ನಿಮ್ಮ ಹಾಲ್ ಲೆಕ್ಕ: ಸುತ್ತಳತೆ 54 ಅಡಿ, ಎತ್ತರ 9½ ಅಂದರೆ 513 ಚದರ ಅಡಿ. ಬಾಗಿಲು, ಕಿಟಕಿ, ಒಳಗೆ ಹೋಗೋ ದಾರಿ ಸೇರಿ 110ರಷ್ಟು ಕಳೆಯಿರಿ, ಗೋಡೆ ಸುಮಾರು 400. ಡಬ್ಬದ ಮೇಲೆ ಬರೆದ ಕವರೇಜ್ ಕನ್ನಡಿಯಂಥ ಗೋಡೆಗೆ. ಹಳೇ ಗೋಡೆಗೆ ಲೀಟರಿಗೆ ಎರಡು ಕೋಟ್ 100 ಚದರ ಅಡಿ ಅಂತ ಹಿಡಿದರೆ 4 ಲೀಟರ್. 4ರ ಒಂದು ಡಬ್ಬ, ಕೈಯಲ್ಲಿರಲಿ ಅಂತ 1ರದ್ದೊಂದು. ಎರಡೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಮಿಕ್ಸ್ ಮಾಡಿಸಿ, ಮನೆಯಲ್ಲಿ ಒಂದೇ ಬಕೆಟ್‌ಗೆ ಸುರಿದು ಕಲಸಿ. ಆಮೇಲೆ ತಂದ ಒಂದು ಲೀಟರ್ ಶೇಡ್ ಕೋಡ್ ಒಂದೇ ಇದ್ದರೂ ಕೂದಲೆಳೆಯಷ್ಟು ಬೇರೆ ಇರುತ್ತೆ. ಕೋಡ್ ಮತ್ತು ಬೇಸ್ ನಂಬರ್ ಇರೋ ಸ್ಟಿಕ್ಕರ್ ಫೋಟೋ ಇಟ್ಟುಕೊಳ್ಳಿ.

ಅಡ್ಡಗೋಡೆ

ಒಳಗಿಂದಲೇ ಹೊಡೆಯೋ ವಾಟರ್‌ಪ್ರೂಫ್ ಪೇಂಟ್ ಇದೆಯಲ್ಲ? ಕಿತ್ತು ಹಾಕೋ ರಗಳೆ ಬೇಡ ಅನ್ನೋರಿಗೆ?

ಕರಣೆ_ಕೈ

ಇದೆ. ನೀರು ಒತ್ತೋದು ಹಿಂದಿನಿಂದ. ನೀವು ಮುಂದೆ ಮುಚ್ಚಳ ಹಾಕಿದರೆ ಅದು ಪಕ್ಕಕ್ಕೋ ಮೇಲಕ್ಕೋ ಜಾಗ ಹುಡುಕುತ್ತೆ. 2 ಅಡಿಯ ಕಲೆ 4 ಅಡಿಗೆ ಹೋಗಿ ಕೂರುತ್ತೆ. ಪಿವಿಸಿ ಪ್ಯಾನಲ್ ಹಾಕಿ ಮುಚ್ಚೋರೂ ಇದ್ದಾರೆ. ಆ ಪ್ಯಾನಲ್ ಹಿಂದೆ ಪ್ಲೈ ಪಟ್ಟಿ ಇದ್ದರೆ ಗೆದ್ದಲಿಗೆ ಅದಕ್ಕಿಂತ ಒಳ್ಳೇ ಛತ್ರ ಸಿಗೋದಿಲ್ಲ.

ಪಡುವಣ_ಗಾಳಿ

ಉಡುಪಿ, ಮಂಗಳೂರು ಕಡೆಯವರಿಗೆ ಎರಡು ಮಾತು ಸೇರಿಸ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮರಕ್ಕೆ ಮೆಲಮೈನ್, ಪಿಯು ಪಾಲಿಶ್ ಹೊಡೆಸಬೇಡಿ. ಗಾಳಿಯ ತೇವ ಪಾಲಿಶ್ ಪದರದಲ್ಲಿ ಸಿಕ್ಕಿಬಿದ್ದು ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗ್ತದೆ. ಸೋಫಾ, ಕಪಾಟು ಯಾವುದನ್ನೂ ಹೊರಗೋಡೆಗೆ ತಾಗಿಸಿ ಇಡಬೇಡಿ, 3 ಇಂಚು ಬಿಡಿ. ಇಲ್ಲದಿದ್ದರೆ ಹಿಂದೆ ಬೂಷ್ಟು ಹಿಡೀತದೆ, ನಿಮಗೆ ಗೊತ್ತಾಗೋದು ವಾಸನೆ ಬಂದ ಮೇಲೆ. ಲೆದರ್ ಅಂತ ಮಾರೋ ಪಿಯು ಬಟ್ಟೆಯೂ ನಮ್ಮ ಹವೆಗೆ ಆಗೋದಲ್ಲ. ತೇವಕ್ಕೆ ಅದರ ಪದರ ಒಡೆದು ಕೆಲವೇ ವರ್ಷದಲ್ಲಿ ಸಿಪ್ಪೆ ಏಳ್ತದೆ, ಕೂತವರ ಅಂಗಿಗೆಲ್ಲ ಅಂಟಿಕೊಳ್ತದೆ. ದಪ್ಪ ನೇಯ್ಗೆಯ ಬಟ್ಟೆ, ಜಿಪ್ ಇರುವ ಕವರ್, ಅಷ್ಟೇ. ಹಳೇ ರೆಡ್ ಆಕ್ಸೈಡ್ ನೆಲ ಇದ್ದವರು ಕಾಲುಗಳಿಗೆ ಫೆಲ್ಟ್ ಅಂಟಿಸಿ, ಕಬ್ಬಿಣದ ಕಾಲಿನ ತುಕ್ಕು ಕಲೆ ಆ ನೆಲದಿಂದ ಹೋಗೋದಿಲ್ಲ.

ತಂತಿ_ಸುತ್ತು

ಪುಟ್ಟಿಗೆ ಮುಂಚೆ ಕರೆಂಟ್ ಕೆಲಸ. ಬಣ್ಣ ಆದ ಮೇಲೆ "ಇಲ್ಲೊಂದು ಪಾಯಿಂಟ್ ಬೇಕಿತ್ತು" ಅಂತ ಗೋಡೆ ಕೊರೆಸೋದು ಈ ಊರಲ್ಲಿ ದಿನಾ ನಡೆಯೋ ನಾಟಕ.

ಟಿವಿ ಗೋಡೆ: ಕುಳಿತವರ ಕಣ್ಣು ನೆಲದಿಂದ ಸುಮಾರು 40–42 ಇಂಚು, ಟಿವಿ ನಡುಭಾಗ ಅಲ್ಲಿಗೆ ಬರಬೇಕು. 55 ಇಂಚಿನ ಟಿವಿ ಎತ್ತರ ಸುಮಾರು 28 ಇಂಚು, ಹಾಗಾಗಿ ಅದರ ಕೆಳ ಅಂಚು ನೆಲದಿಂದ 28ಕ್ಕೆ ಬರುತ್ತೆ. ಷೋರೂಂನಲ್ಲಿ ನಿಂತುಕೊಂಡು ನೋಡಿ ಎತ್ತರ ಹೇಳಿದರೆ ಆಮೇಲೆ ಕತ್ತು ನೋವು. ಸಾಕೆಟ್‌ಗಳನ್ನು ಟಿವಿಯ ನಟ್ಟನಡುವೆ ಇಡಬೇಡಿ, ಅಲ್ಲಿ ಬ್ರಾಕೆಟ್ ಪ್ಲೇಟ್ ಕೂರುತ್ತೆ. ನಡುವಿನಿಂದ ಒಂದಡಿ ಪಕ್ಕಕ್ಕೆ ಸರಿಸಿ, 6 ಆಂಪಿಯರ್‌ನವು ನಾಲ್ಕಾದರೂ ಇರಲಿ. ಟಿವಿ ಹಿಂದಿನಿಂದ ಯೂನಿಟ್ ಒಳಕ್ಕೆ 2 ಇಂಚಿನ ಪಿವಿಸಿ ಪೈಪ್ ಗೋಡೆಯಲ್ಲಿ ಹೂಳಿಸಿ. 1 ಇಂಚಿನ ಪೈಪ್ ಸಾಕು ಅಂತಾರೆ, ಎಚ್‌ಡಿಎಂಐ ತಲೆ ಅದರ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತೆ. ತಿರುವು 90 ಡಿಗ್ರಿ ಬೇಡ, 45ರದ್ದು ಎರಡು ಹಾಕಿಸಿ. ಒಳಗೊಂದು ನೈಲಾನ್ ದಾರ ಬಿಟ್ಟಿರಿ, ನಾಳೆ ಕೇಬಲ್ ಎಳೆಯೋಕೆ.

ಫಾಲ್ಸ್ ಸೀಲಿಂಗ್: 9½ ಅಡಿಗೆ ಪೂರ್ತಿ ಮುಚ್ಚಿದರೆ 6 ಇಂಚು ಹೋಗಿ 9 ಉಳಿಯುತ್ತೆ. ಈಗಿರೋ ಫ್ಯಾನ್ ರಾಡ್ 12 ಇಂಚಿನದಾದರೆ ರೆಕ್ಕೆಗೂ ಹೊಸ ಸೂರಿಗೂ ನಡುವೆ ಬರೀ ಆರೇಳು ಇಂಚು. ಫ್ಯಾನ್ ಗಾಳಿ ಎಳೆದುಕೊಳ್ಳೋದೇ ಮೇಲಿನಿಂದ. ಫ್ಯಾನ್ ತಿರುಗುತ್ತೆ, ಗಾಳಿ ಬರೋದಿಲ್ಲ, ಆಮೇಲೆ ಕೆಪಾಸಿಟರ್ ಬದಲಾಯಿಸ್ತಾ ಕೂರ್ತಾರೆ. ಸುತ್ತ 2 ಅಡಿ ಅಂಚು ಮಾತ್ರ ಇಳಿಸಿ, ನಡುವೆ ಸ್ಲ್ಯಾಬ್ ಹಾಗೇ ಬಿಡಿ. 11 ಅಡಿಯಲ್ಲಿ ನಡುವೆ 7 ಅಡಿ ಸಿಗುತ್ತೆ, 4 ಅಡಿ ಹರವಿನ 1200 ಮಿಮೀ ಫ್ಯಾನ್‌ಗೆ ಎರಡೂ ಬದಿ ಒಂದೂವರೆ ಅಡಿ ಬಿಡುವು. ಫ್ಯಾನ್ ಕೊಕ್ಕೆ ಸ್ಲ್ಯಾಬ್‌ನದ್ದೇ ಇರಬೇಕು, ಜಿಪ್ಸಂ ಬೋರ್ಡ್ ಹಿಡಿಯೋ ತಗಡಿನ ಚಾನಲ್‌ಗೆ ಎಂದೂ ಬೇಡ.

ಬಣ್ಣ ಆರಿಸೋ ಮುಂಚೆ ಬಲ್ಬ್ ಆರಿಸಿ. 6500 ಕೆಲ್ವಿನ್ ಬೆಳಕಲ್ಲಿ ಒಪ್ಪಿದ ಕ್ರೀಮ್ ಬಣ್ಣ 3000ದಲ್ಲಿ ಅರಿಶಿನ ಆಗುತ್ತೆ. 2 ಅಡಿ ಚೌಕ ಎರಡು ಬೇರೆ ಗೋಡೆಗೆ ಹಚ್ಚಿ, ಹಗಲು ಒಮ್ಮೆ, ರಾತ್ರಿ ಹಾಕೋ ದೀಪದಲ್ಲೇ ಒಮ್ಮೆ ನೋಡಿ.

ಉಳಿ_ಗರಗಸ

ಟಿವಿ ಯೂನಿಟ್‌ಗೆ "ಒಂದು ಹಾಳೆ ಪ್ಲೈ ಸಾಕು ಸಾರ್" ಅನ್ನೋ ಮಾತು ಮೊದಲ ದಿನದ್ದು. ಲೆಕ್ಕ ನೋಡಿ. 6 ಅಡಿ ಉದ್ದ, ಒಂದೂವರೆ ಅಡಿ ಎತ್ತರ, 16 ಇಂಚು ಆಳ. ಮೇಲು, ಕೆಳಗು ತಲಾ 8 ಚದರ ಅಡಿ, ಒಟ್ಟು 16. ಎರಡು ಬದಿ, ನಡುವೆ ಎರಡು ಅಡ್ಡ ಹಲಗೆ, ತಲಾ 2ರಂತೆ 8. ಮುಂದಿನ ಬಾಗಿಲು 9. ಒಟ್ಟು 33. ಹಾಳೆ 8 × 4, ಅಂದರೆ 32. ಕೊಯ್ತದಲ್ಲಿ ಹೋಗೋದು ಬೇರೆ. ಎರಡು ಹಾಳೆ ಬೇಕೇ ಬೇಕು, ಬೆನ್ನಿಗೆ 6 ಮಿಮೀ ಬೇರೆ. ಎರಡನೇ ಹಾಳೆಯಲ್ಲಿ ಉಳಿಯೋದಕ್ಕೆ ಮೊದಲೇ ಕೆಲಸ ಹುಡುಕಿ, ಚಪ್ಪಲಿ ಸ್ಟ್ಯಾಂಡೋ ಗೋಡೆ ಶೆಲ್ಫೋ. ಇಲ್ಲದಿದ್ದರೆ ಅದು ಕಾರ್ಪೆಂಟರ್ ಆಟೋದಲ್ಲಿ ಹೋಗುತ್ತೆ.

ಪ್ಲೈ ದರ್ಜೆ: ಎಂಆರ್ ಅಂದರೆ ತೇವ ಸ್ವಲ್ಪ ತಡೆಯೋದು, ನೀರಲ್ಲ. ಐಎಸ್ 303 ಅನ್ನೋ ಭಾರತೀಯ ಮಾನದಂಡದಲ್ಲಿ ಬರೋದು. ಐಎಸ್ 710 ಅಂದರೆ ಮರೀನ್, ಪರೀಕ್ಷೆಯಲ್ಲಿ 72 ಗಂಟೆ ಕುದಿಸ್ತಾರೆ. ಒಣ ಗೋಡೆಯ ಟಿವಿ ಯೂನಿಟ್‌ಗೆ ಇವೆರಡರ ನಡುವಿನ ಬಿಡಬ್ಲ್ಯೂಆರ್ (ಕುದಿನೀರು ತಡೆಯೋ ದರ್ಜೆ) ಸಾಕು, 710ಕ್ಕೆ ದುಡ್ಡು ಸುರಿಯೋದು ಬೇಡ. ಆ ದುಡ್ಡನ್ನು ಅಡುಗೆಮನೆ ಸಿಂಕ್ ಕೆಳಗೆ ಹಾಕಿ. ಪ್ರತಿ ಹಾಳೆಯ ಮೇಲೆ ಐಎಸ್‌ಐ ಗುರುತಿನ ಜತೆ ಸಿಎಂ/ಎಲ್ ಅಂತ ಲೈಸೆನ್ಸ್ ನಂಬರ್ ಇರುತ್ತೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಿಗಿದೆ, ಇನ್ನೂ ನಡೀತಿದೆಯಾ ಅಂತ ತೋರಿಸುತ್ತೆ. ಅಂಗಡಿಯಲ್ಲೇ ನೋಡಿ. ಹಾಳೆಯ ಅಂಚನ್ನು ಬೆಳಕಿಗೆ ಹಿಡಿದು ಪದರಗಳ ನಡುವೆ ಸಂದಿ ಹುಡುಕಿ, ಬೆರಳ ಗಂಟಿನಿಂದ ಉದ್ದಕ್ಕೂ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಸ್ಕ್ರೂ ನಿಲ್ಲೋದಿಲ್ಲ.

ಬಾಗಿಲು ಬಾಗೋದಕ್ಕೆ ಬಹಳ ಸಲ ಪ್ಲೈ ಕಾರಣ ಅಲ್ಲ. ಹೊರಗೆ 1 ಮಿಮೀ ಲ್ಯಾಮಿನೇಟ್ ಹಾಕಿ ಒಳಗೆ ಬರೀ ಬಣ್ಣ ಬಳಿದಿರ್ತಾರೆ. ಒಂದು ಮೈ ತೇವ ಕುಡಿಯುತ್ತೆ, ಇನ್ನೊಂದು ಕುಡಿಯೋದಿಲ್ಲ, ಬಾಗಿಲು ಬಿಲ್ಲಾಗುತ್ತೆ. ಒಳಮೈಗೂ 0.7 ಅಥವಾ 0.8ರ ಲೈನರ್ ಲ್ಯಾಮಿನೇಟ್ ಬರಬೇಕು. ಅಂಟು ಹಾಕಿದ ಮೇಲೆ ರಾತ್ರಿಯಿಡೀ ಸಮನಾಗಿ ಭಾರ ಇರಬೇಕು. ಗಾರೆ ಚೀಲ ನಾಲ್ಕು ಮೂಲೆಗೆ ಇಟ್ಟು ನಡುವೆ ಬಿಟ್ಟರೆ ನಡುವೆಯೇ ಗುಳ್ಳೆ. ಮೇಲಿನ ಹಲಗೆ 18 ಮಿಮೀ ಆದರೆ ಎರಡೂವರೆ ಅಡಿಗೊಂದು ಆಸರೆ ಕೊಡಿ, ಇಲ್ಲದಿದ್ದರೆ ಎರಡು ವರ್ಷಕ್ಕೆ ಜೋಲುತ್ತೆ.

ಕೂಲಿ ಮಾತು ಬರೆದುಕೊಳ್ಳಿ. ಚದರ ಅಡಿ ರೇಟ್ ಅಂದಾಗ ಮುಂದಿನ ಮುಖದ ಅಳತೆಯೋ, ಬಿಚ್ಚಿ ಹರಡಿದ ಪ್ಲೈ ಅಳತೆಯೋ? ಮೇಲಿನ ಯೂನಿಟ್‌ಗೆ ಒಂದರಲ್ಲಿ 9, ಇನ್ನೊಂದರಲ್ಲಿ 33. ಜಗಳ ಹುಟ್ಟೋದು ಇಲ್ಲೇ.

ಎರಿಮಣ್ಣ_ಮಂದಿ

ನಮ್ಮ ಧಾರವಾಡ, ಗದಗ ಕಡಿ ಎರಿ ಭೂಮಿ ಮ್ಯಾಲಿನ ಮನಿಗೋಳಿಗೆ ಇನ್ನೊಂದು ತ್ರಾಸ ಐತ್ರಿ. ಮಳಿಗೆ ಮಣ್ಣು ಉಬ್ಬತೈತಿ, ಬ್ಯಾಸಗಿಗೆ ಕುಗ್ಗತೈತಿ, ಕಿಡಕಿ ಮೂಲಿಯಿಂದ ಗ್ವಾಡಿಗೆ ಓರೆ ಬಿರುಕು ಬರತಾವ. ಸಿಮೆಂಟ್ ತುಂಬಿ ಬಣ್ಣಾ ಹೊಡೀತಾರ, ಮುಂದಿನ ವರ್ಷ ಅದ ಜಾಗಾದಾಗ ಮತ್ತ ಬಾಯಿ ಬಿಡತೈತಿ. ಮೊದಲ ಬಿರುಕಿನ ಮ್ಯಾಲೆ ಅಡ್ಡ ಒಂದು ತೆಳು ಗಾಜಿನ ಪಟ್ಟಿ ಎರಡೂ ಕಡಿ ಗಟ್ಟಿ ಅಂಟಿಸಿ ತಾರೀಖು ಬರೀರಿ. ಗಾಜು ಒಡೀತು ಅಂದ್ರ ಬಿರುಕು ಇನ್ನೂ ಆಡ್ಲಿಕತ್ತೈತಿ, ಎಂಜಿನಿಯರ್‌ಗೆ ತೋರಸ್ರಿ. ಒಂದು ಮಳಿ, ಒಂದು ಬ್ಯಾಸಗಿ ಗಾಜು ತಡೀತಂದ್ರ ಬಿರುಕು ವಿ ಆಕಾರಕ್ಕ ಅಗಲ ಮಾಡಿ, ಹಿಗ್ಗೋ ಅಕ್ರಿಲಿಕ್ ಫಿಲ್ಲರ್ ತುಂಬಿ, ಮ್ಯಾಲೆ ಫೈಬರ್ ಜಾಳಿಗಿ ಟೇಪ್ ಹಾಕಿ ಪುಟ್ಟಿ ಎಳೀರಿ.

ಮತ್ತ, ರೆಡಿ ಮಾಡ್ಯುಲರ್ ಕಪಾಟ (ಕಾರ್ಖಾನ್ಯಾಗ ಮಾಡಿ ತಂದು ಜೋಡಸೂದು) ತರಸೋವ್ರು ಗ್ವಾಡಿ ಅಳತಿ ಒಂದ ಕಡೆ ತಗೋಬ್ಯಾಡ್ರಿ. ಕೆಳಗ, ನಡಕ, ಮ್ಯಾಲೆ ಮೂರೂ ಕಡೆ ಟೇಪ್ ಹಿಡೀರಿ. ಅರ್ಧ ಇಂಚು ಫರಕ್ ಇರೂದು ಮಾಮೂಲು. ಸಣ್ಣ ಅಳತಿಗಿ ಮಾಡಿಸಿ ಉಳಿದ ಸಂದಿಗೆ ಪಟ್ಟಿ ಹಚ್ಚಸ್ರಿ. ಸ್ಕರ್ಟಿಂಗ್ ದಪ್ಪಾನೂ ಮರೀಬ್ಯಾಡ್ರಿ, ಅದರ ಸಲುವಾಗಿ ಯೂನಿಟ್ ಗ್ವಾಡಿಗೆ ಕೂಡೂದಿಲ್ಲ.

ಮೂರು_ಸೀಟು

ಸೋಫಾ ಎಲ್ಲರ ದುಡ್ಡು ತಿನ್ನೋದು ಮೂರು ಕಡೆ: ದಿಕ್ಕು, ಬಾಗಿಲು, ಫೋಮ್.

ದಿಕ್ಕು. ಎಲ್ ಸೋಫಾದ ಉದ್ದ ಕಾಲು ಎಡಕ್ಕೋ ಬಲಕ್ಕೋ ಅಂತ ಕೇಳ್ತಾರೆ. ಕೆಲವರು ಸೋಫಾ ಎದುರು ನಿಂತು ನೋಡಿ ಹೇಳ್ತಾರೆ, ಕೆಲವರು ಕೂತು ಹೇಳ್ತಾರೆ. ಒಬ್ಬರ ಎಡ ಇನ್ನೊಬ್ಬರ ಬಲ. ಮಾತಲ್ಲಿ ಹೇಳಲೇಬೇಡಿ. ಹಾಲ್‌ನ ನಕ್ಷೆ ಬರೆದು, ಬಾಲ್ಕನಿ ಯಾವ ಕಡೆ ಅಂತ ಗುರುತು ಹಾಕಿ, ಉದ್ದ ಕಾಲು ಅಲ್ಲಿ ಅಂತ ಗೀಚಿ, ಆರ್ಡರ್ ಕಾಪಿಗೆ ಅದನ್ನೇ ಪಿನ್ ಮಾಡಿಸಿ.

ಜಾಗ. 11 ಅಡಿ ಅಂದರೆ 132 ಇಂಚು. ಸೋಫಾ ಆಳ 38, ಗೋಡೆಗೆ ಬಿಡುವು 3, ಟಿವಿ ಯೂನಿಟ್ 16. ಉಳಿದದ್ದು 75. ಅದರಲ್ಲಿ ಸೋಫಾಕ್ಕೂ ಟೀಪಾಯಿಗೂ ನಡುವೆ 18, ಟೀಪಾಯಿ 22, ಆಚೆ ಓಡಾಡೋಕೆ 35. ಸರಿಹೋಗುತ್ತೆ, ಆದರೆ ಇನ್ನೊಂದು ಇಂಚೂ ಸಡಿಲ ಇಲ್ಲ. 42 ಆಳದ ಸೋಫಾ ಆಸೆ ಬಿಡಿ. ನೆಲಕ್ಕೆ ಹಳೇ ಪೇಪರ್ ಅದೇ ಅಳತೆಗೆ ಕತ್ತರಿಸಿ ಹಾಸಿ ಎರಡು ದಿನ ಅದನ್ನು ತುಳಿಯದೆ ಓಡಾಡಿ ನೋಡಿ.

ಫೋಮ್. "32 ಡೆನ್ಸಿಟಿ" ಅಂದರೆ ಒಂದು ಘನ ಮೀಟರ್ ಫೋಮ್ 32 ಕೆಜಿ ತೂಗುತ್ತೆ ಅಂತ, ಅಷ್ಟೇ. ಹಾಗಾಗಿ ತಕ್ಕಡಿ ಸುಳ್ಳು ಹೇಳೋದು ಕಷ್ಟ. 24 × 24 × 5 ಇಂಚಿನ ಬರೀ ಫೋಮ್, ಕವರ್ ತೆಗೆದು ತೂಗಿ. 32ರದ್ದಾದರೆ ಸುಮಾರು ಒಂದೂವರೆ ಕೆಜಿ, 40ರದ್ದಾದರೆ 1.9. ಒಂದು ಕೆಜಿಯ ಸುತ್ತ ಬಂದರೆ ಅದು ಇಪ್ಪತ್ತರ ಆಸುಪಾಸಿನದು, ವರ್ಷದೊಳಗೆ ಗುಂಡಿ ಬೀಳುತ್ತೆ. ಪುಡಿ ಸೇರಿಸಿ ತೂಕ ಏರಿಸಿದ ಫೋಮೂ ಇದೆ. ಅದನ್ನು ಹಿಡಿಯೋದು ಹೀಗೆ: ಮುಷ್ಟಿಯಲ್ಲಿ ಒತ್ತಿ ಬಿಟ್ಟರೆ ಸೋಮಾರಿಯ ಹಾಗೆ ಏಳುತ್ತೆ, ಉಜ್ಜಿದರೆ ಬೆರಳಿಗೆ ಹಿಟ್ಟು ಅಂಟುತ್ತೆ. ಕೂರೋ ಭಾಗಕ್ಕೆ 40, ಬೆನ್ನಿಗೆ ಮೆತ್ತಗಿನದು.

ತಳಭಾಗದ ಕರಿ ಬಟ್ಟೆಯ ಒಂದು ಮೂಲೆ ಬಿಚ್ಚಿ ತೋರಿಸೋಕೆ ಹೇಳಿ. ಮೂಲೆಗಳಲ್ಲಿ ತ್ರಿಕೋನದ ಮರದ ತುಂಡು ಅಂಟು ಮತ್ತು ಸ್ಕ್ರೂ ಎರಡರಲ್ಲೂ ಕೂತಿರಬೇಕು. ಬರೀ ಸ್ಟೇಪ್ಲರ್ ಪಿನ್ ಇದ್ದರೆ ಎದ್ದು ಬನ್ನಿ. ತೋರಿಸೋಕೆ ಒಲ್ಲೆ ಅಂದರೂ ಎದ್ದು ಬನ್ನಿ.

ಹದಿನಾರಡಿ_ಹಾಲ್

ಬಾಗಿಲ ಬಗ್ಗೆ ಹೇಳ್ತೀನಿ ಅಂದ್ರಿ, ಬಿಟ್ಟುಬಿಟ್ರಿ. ಮುಂಬಾಗಿಲು ಚೌಕಟ್ಟಿನೊಳಗೆ 36 ಇಂಚು, ಬಾಗಿಲು ತೆರೆದು ನಿಂತಾಗ 34½. ಹೊರಗೆ 4 ಅಡಿ ಕಾರಿಡಾರ್. ಲಿಫ್ಟ್ 8 ಜನರದ್ದು. ನೋಡಿರೋ ಸೋಫಾ 84 ಉದ್ದ, 38 ಆಳ, 34 ಎತ್ತರ.

ಮೂರು_ಸೀಟು

8 ಜನರ ಲಿಫ್ಟ್ ಅಂದರೆ ಸಾಮಾನ್ಯವಾಗಿ ಒಳಗೆ 1300 × 1100 ಮಿಮೀ, ಬಾಗಿಲು 800 ಅಗಲ, 2000 ಎತ್ತರ. ನಿಮ್ಮ ಸೋಫಾ ಉದ್ದ 2134. ನಿಲ್ಲಿಸಿದರೆ ಬಾಗಿಲಿಗೇ ತಾಗುತ್ತೆ, ಓರೆ ಮಾಡಿದರೆ ಒಳಗಿನ ಆಳ ಸಾಲದು. ಲಿಫ್ಟ್ ಮರೆತುಬಿಡಿ, ಮೆಟ್ಟಿಲೇ ಗತಿ. ಮಹಡಿ ಹತ್ತಿಸೋ ಕೂಲಿ ಬಿಲ್‌ನಲ್ಲಿ ಸೇರಿದೆಯಾ ಅಂತ ಇವತ್ತೇ ಕೇಳಿ. ಗೇಟ್ ಹತ್ತಿರ ಗಾಡಿ ನಿಂತ ಮೇಲೆ ಕೇಳಿದರೆ ರೇಟ್ ಬೇರೆ.

ಮುಂಬಾಗಿಲು: ಆಳ 38, 34½ರಲ್ಲಿ ಹೋಗೋದಿಲ್ಲ. ಬೆನ್ನ ಮೇಲೆ ಮಲಗಿಸಿದರೆ ಎತ್ತರ 34, ಅರ್ಧ ಇಂಚು ಉಳಿಯುತ್ತೆ, ಬಟ್ಟೆ ಹರಿಯುತ್ತೆ. ಕಾಲು ಸ್ಕ್ರೂ ಬಿಚ್ಚೋ ಥರ ಇದ್ದರೆ 5 ಇಂಚು ಕಡಿಮೆಯಾಗಿ 29, ಆರಾಮ. ಆದರೆ ಉದ್ದ ಇದೆಯಲ್ಲ: 84 ಇಂಚಿನ ವಸ್ತು 48 ಇಂಚಿನ ಕಾರಿಡಾರ್‌ನಲ್ಲಿ ಬಾಗಿಲಿಗೆ ಅಡ್ಡ ತಿರುಗಬೇಕು. ನಿಮ್ಮ ಬಾಗಿಲು ಕಾರಿಡಾರ್‌ನ ತುದಿಯಲ್ಲಿ ನೇರಕ್ಕೆ ಇದ್ದರೆ ಚಿಂತೆಯಿಲ್ಲ. ಪಕ್ಕದ ಗೋಡೆಯಲ್ಲಿದ್ದರೆ 3 ಸೀಟನ್ನು 2 ಮತ್ತು 1 ಆಗಿ ಬಿಚ್ಚಿ ಒಳಗೆ ಬ್ರಾಕೆಟ್ ಹಾಕಿ ಜೋಡಿಸೋ ಥರ ಮಾಡಿಸಿ. ಲೋಕಲ್ ಸೋಫಾ ಮೇಸ್ತ್ರಿಗಳು ಇದನ್ನು ಸಲೀಸಾಗಿ ಮಾಡ್ತಾರೆ, ರೆಡಿ ಸೋಫಾದಲ್ಲಿ ಸಿಗೋದು ಅಪರೂಪ.

ನಿರಿಗೆ

ಪರದೆಗೆ ಯಾರೂ ಬರಲಿಲ್ಲವಲ್ಲ. ರೆಡಿಮೇಡ್ 5, 7, 9 ಅಡಿ ಉದ್ದದಲ್ಲಿ ಬರುತ್ತೆ, ಒಂದೊಂದು ತುಂಡು 4 ಅಡಿ ಅಗಲ. ಬಾಗಿಲು 7 ಅಡಿ, ಹಾಗಾಗಿ 7ರದ್ದು ತರ್ತಾರೆ. ರಾಡ್ ಬರೋದು ಬಾಗಿಲ ಮೇಲೆ, ಸುಮಾರು 8 ಅಡಿಗೆ. ಪರದೆ ನೆಲದಿಂದ ಒಂದಡಿ ಮೇಲೆ ನೇತಾಡುತ್ತೆ, ಹೈಸ್ಕೂಲ್ ಹುಡುಗನ ಹಳೇ ಪ್ಯಾಂಟ್ ಥರ. 9ರದ್ದು ತಂದು ಕತ್ತರಿಸಿ, ಇಲ್ಲವೇ ಹೊಲಿಸಿ.

ಹೊಲಿಸೋದಾದರೆ: ಬಾಗಿಲು 72 ಇಂಚು, ಎರಡೂ ಕಡೆ ರಾಡ್ 8 ಇಂಚು ಹೆಚ್ಚು, ಒಟ್ಟು 88. ನಿರಿಗೆ ಚೆನ್ನಾಗಿ ಬೀಳೋಕೆ ಎರಡರಷ್ಟು ಬಟ್ಟೆ, 176. ಬಟ್ಟೆ ಪನ್ನ (ಅಗಲ) 48 ಇಂಚು, ಅಂದರೆ 4 ತುಂಡು. ಉದ್ದ 96, ಮೇಲೆ ಕೆಳಗೆ ಮಡಿಕೆಗೆ 10, ಒಟ್ಟು 106 ಇಂಚು, ಅಂದರೆ 2.7 ಮೀಟರ್. ನಾಲ್ಕಕ್ಕೆ 11 ಮೀಟರ್ ತನ್ನಿ. ದೊಡ್ಡ ಹೂವಿನ ಡಿಸೈನ್ ಆದರೆ ಹೂವಿಗೆ ಹೂವು ಕೂಡಿಸೋಕೆ ತುಂಡಿಗೊಂದು ಡಿಸೈನ್‌ನಷ್ಟು ಹೆಚ್ಚು ಬೇಕು. ಹತ್ತಿ ಬಟ್ಟೆಯಾದರೆ ಕೊಯ್ಯೋ ಮುಂಚೆ ನೀರಲ್ಲಿ ನೆನೆಸಿ ಒಣಗಿಸಿ. ನೂರಕ್ಕೆ ಮೂರು ಕುಗ್ಗಿದರೂ 8 ಅಡಿಗೆ 3 ಇಂಚು ಹೋಯಿತು.

ಫಾಲ್ಸ್ ಸೀಲಿಂಗ್ ಹಾಕಿಸೋರು ಪರದೆ ಟ್ರ್ಯಾಕ್ ಬರೋ ಜಾಗದಲ್ಲಿ ಬೋರ್ಡ್ ಹಿಂದೆ 12 ಮಿಮೀ ಪ್ಲೈ ಪಟ್ಟಿ ಇಡಿಸಿ. ಬರೀ ಜಿಪ್ಸಂಗೆ ಸ್ಕ್ರೂ ಹಾಕಿದರೆ ಮಗು ಒಂದು ಸಲ ಜೋತುಬಿದ್ದರೆ ಎಲ್ಲ ಕೆಳಗೆ.

ಮಾಲೀಕರ_ಗೋಡೆ

ಬಾಡಿಗೆ ಮನೆಯವರು ಏನು ಮಾಡೋದು? ಮೊಳೆ ಹೊಡೆಯೋ ಹಾಗಿಲ್ಲ, ಬಣ್ಣದ ದುಡ್ಡು ಅಡ್ವಾನ್ಸ್‌ನಲ್ಲೇ ಹಿಡೀತಾರೆ.

ಉಳಿ_ಗರಗಸ

ಬಿಚ್ಚಿ ಒಯ್ಯೋಕೆ ಆಗೋದು ಮಾತ್ರ ಮಾಡಿಸಿ. ಟಿವಿಗೆ ನೆಲದ ಮೇಲೆ ನಿಲ್ಲೋ ಯೂನಿಟ್, ಉದ್ದ 4 ಅಡಿ ದಾಟದಿದ್ದರೆ ಮುಂದಿನ ಮನೆಗೂ ಹೊಂದುತ್ತೆ. ಮೊಳೆ ಬದಲು ಸ್ಕ್ರೂ, ಅಂಟು ಬೇಡ. ವಾಲ್‌ಪೇಪರ್ ಸ್ಟಿಕ್ಕರ್ ಹಚ್ಚಬೇಡಿ. ಕಿತ್ತಾಗ ಪುಟ್ಟಿ ಸಮೇತ ಬರುತ್ತೆ, ಅದರ ರಿಪೇರಿ ಒಂದು ಗೋಡೆ ಬಣ್ಣಕ್ಕಿಂತ ದುಬಾರಿ.

ನಿರಿಗೆ

ಕಿಟಕಿ ಎರಡೂ ಬದಿ ಗೋಡೆಯ ಒಳಗೆ ಕೂತಿದ್ದರೆ ಸ್ಪ್ರಿಂಗ್ ರಾಡ್, ತೂತು ಬೇಕಿಲ್ಲ. 5 ಅಡಿ ದಾಟಿದರೆ ಜೋಲುತ್ತೆ, ತೆಳು ಬಟ್ಟೆ ಮಾತ್ರ ಹಾಕಿ.

ಅಡ್ಡಗೋಡೆ

ಎಲ್ಲಾ ಸರಿ, ಟಿವಿ ಆಗ್ನೇಯಕ್ಕೆ ಇರಬೇಕು ಅಂತ ಮನೆ ಹಿರಿಯರು ಕೂತ್ರೆ?

ತಂತಿ_ಸುತ್ತು

ಹಿರಿಯರ ಜತೆ ವಾದ ಬೇಡ. ಕಿಟಕಿ ಎದುರು ಗೋಡೆ ಆಗದಿದ್ದರೆ ಸಾಕು, ಆದರೆ ಹಗಲು ಟಿವಿಯಲ್ಲಿ ಕಿಟಕಿಯ ಪ್ರತಿಬಿಂಬವೇ ಕಾಣುತ್ತೆ. ಆದರೆ ಈ ತೀರ್ಮಾನ ಗೋಡೆ ಕೊರೆಯೋ ಮುಂಚೆ ಆಗಲಿ.

ಹದಿನಾರಡಿ_ಹಾಲ್

ಸೀಳು ತೂತು ಚುಚ್ಚಿದ್ದಾಯಿತು, ಎರಡರಲ್ಲಿ ಒಂದು ಪೂರ್ತಿ ಮಣ್ಣು. ಪ್ಲಾಸ್ಟಿಕ್ ಹಾಳೆಯಲ್ಲಿ ಗೋಡೆ ಕಡೆಗೇ ಹನಿ. ಈಗ ಹೀಗೆ ಅಂದುಕೊಂಡಿದ್ದು, ತಪ್ಪಿದ್ದರೆ ಹೇಳಿ: ಬಾಲ್ಕನಿ ಸಂದಿ, 3 ಅಡಿ ಪ್ಲಾಸ್ಟರ್ ಕೀಳೋದು, ಕರೆಂಟ್ ಪೈಪ್, ಗಾರೆ, ಸೀಲಿಂಗ್ ಅಂಚು, ಉಳಿದ ಗೋಡೆಗೆ ಪುಟ್ಟಿ, ಪ್ರೈಮರ್, ಒಂದು ಕೋಟ್, ಆಮೇಲೆ ಕಾರ್ಪೆಂಟರ್, ಕೊನೆ ಕೋಟ್, ಪರದೆ, ಸೋಫಾ. ಲ್ಯಾಮಿನೇಟ್ ಕೊಯ್ಯೋ ಧೂಳು ಕೊನೆ ಕೋಟ್ ಮೇಲೆ ಕೂರಬಾರದು ಅಂತ ಕಾರ್ಪೆಂಟರ್‌ನ ನಡುವೆ ಹಾಕಿದ್ದು. ಎಸಿ ಮುಂದಿನ ಬೇಸಿಗೆಗೆ.

ತಂತಿ_ಸುತ್ತು

ಎಸಿ ಬೇಸಿಗೆಗೆ ಬರಲಿ, ಅದರ ಪೈಪ್ ಈಗಲೇ ಹೋಗಲಿ. ಸೀಲಿಂಗ್ ಅಂಚು ಮುಚ್ಚೋ ಮುಂಚೆ ತಾಮ್ರದ ಕೊಳವೆಗೆ ದಾರಿ, 4 ಚದರ ಮಿಮೀ ವೈರ್, ನೀರು ಹೋಗೋ ಪೈಪ್ ಮೂರನ್ನೂ ಬಾಲ್ಕನಿಗೆ ಎಳೆಸಿಬಿಡಿ. ನೀರಿನ ಪೈಪ್ ಉದ್ದಕ್ಕೂ ಇಳಿಜಾರಾಗಿರಲಿ, ನಡುವೆ ಎಲ್ಲೂ ಹೊಟ್ಟೆ ಬಿಡಬಾರದು. ಒಂದು ಬಾಟಲಿ ನೀರು ಈ ತುದಿಯಲ್ಲಿ ಸುರಿದು ಆ ತುದಿಯಲ್ಲಿ ಪೂರ್ತಿ ಬಂತಾ ನೋಡಿದ ಮೇಲೆ ಬೋರ್ಡ್ ಹೊಡೆಸಿ.

ಕರಣೆ_ಕೈ

ಮತ್ತೆ ಆ ಪೈಪ್ ಬಾಲ್ಕನಿ ಮೋರಿಗೆ ಬಿಡಿ, ನೆಲಕ್ಕಲ್ಲ. ಇಲ್ಲದಿದ್ದರೆ ಅದೇ ಗೋಡೆ.